ಶರಾವತಿಯ ನೀರನ್ನು ಬೆಂಗಳೂರಿಗೆ ಸಾಗಿಸುವಲ್ಲಿ ಸಾಕುನಾಯಿಯ ಪಾತ್ರ: ಒಂದು ಪ್ರೌಢ ಪ್ರಬಂಧ

ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪ 2019ರಲ್ಲಿ ಎದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಪ್ರತಿಭಟಿಸಿತು. ಕಾಡು ಹಾಳಾಗುತ್ತದೆ, ಖರ್ಚು ಕೈಮೀರುತ್ತದೆ, ವಿದ್ಯುತ್ತಿಗೆ ನೀರು ಸಾಲುವುದಿಲ್ಲ ಎಂದು ತಿಳಿದವರೆಲ್ಲ ಮಾತಾಡಿದರು. ಆದರೆ ಯೋಜನೆ ಆಗಲೇ ಜಾರಿಯಲ್ಲಿದೆ ಎಂಬುದನ್ನು ಒಬ್ಬರೂ ಗಮನಿಸಿದಂತಿಲ್ಲ. ಭಾನುವಾರ ಬಂತೆಂದರೆ ಸಾಗರ ತಾಲ್ಲೂಕಿನ ಹಿನ್ನೀರಿನ ದಡದಿಂದ ಹೊರಟ ನೀರು, ಕಾರಿನ ಹಿಂದಿನ ಸೀಟಿನಲ್ಲಿ ನಾಲಿಗೆ ಚಾಚಿ ಕುಳಿತು, ತುಮಕೂರು ದಾಟಿ ರಾಜಧಾನಿ ಸೇರುತ್ತದೆ. ವಿದ್ವತ್ ಲೋಕದ ಈ ಕೊರತೆಯನ್ನು ತುಂಬುವುದಷ್ಟೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಎತ್ತರದ ಪ್ರಶ್ನೆ. ಲಿಂಗನಮಕ್ಕಿಯ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೆಂಗಳೂರು ಕುಳಿತಿರುವುದು ಸುಮಾರು 3,000 ಅಡಿ ಮೇಲೆ. ಅಂದರೆ ಒಂದೊಂದು ಹನಿಯನ್ನೂ ಸಾವಿರದ ಇನ್ನೂರು ಅಡಿಯಷ್ಟು ಎತ್ತಬೇಕು. ಸರ್ಕಾರವಾದರೆ ಇದಕ್ಕೆ ಪಂಪು, ಪೈಪು, ಟೆಂಡರು, ಮರುಟೆಂಡರು ಎನ್ನುತ್ತದೆ. ನಾಯಿಗೆ ಇದ್ಯಾವುದೂ ಬೇಡ. ಅರ್ಧ ಕಿಟಕಿ ಇಳಿಸಿದರೆ ಸಾಕು, ಅಷ್ಟೂ ಎತ್ತರವನ್ನು ತಾನೇ ಏರುತ್ತದೆ. ಇಂಥದ್ದನ್ನು ನೀರಾವರಿ ಭಾಷೆಯಲ್ಲಿ ಏತ ನೀರಾವರಿ ಎನ್ನುತ್ತಾರೆ.

ಪೂರ್ವಸೂರಿಗಳು ಈ ವಿಷಯದಲ್ಲಿ ಏನು ಹೇಳಿದ್ದಾರೆ ಎಂದು ನೋಡುವುದು ಸಂಶೋಧನೆಯ ಶಿಷ್ಟಾಚಾರ. ಮಹಾಭಾರತದ ಆದಿಪರ್ವದ ಆರಂಭದಲ್ಲೇ ಜನಮೇಜಯನ ಯಜ್ಞದ ಜಾಗಕ್ಕೆ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆಯುತ್ತಾರೆ. ಮರಿ ಅಳುತ್ತಾ ತಾಯಿ ಸರಮೆಯ ಬಳಿ ಹೋಗಿ, ತಾನು ಹವಿಸ್ಸನ್ನು ನೆಕ್ಕಿಲ್ಲ, ಅದರತ್ತ ನೋಡಿಯೂ ಇಲ್ಲ ಎಂದು ದೂರುತ್ತದೆ. ಸರಮೆ ಬಂದು ಕಾರಣ ಕೇಳುತ್ತಾಳೆ. ರಾಜಮನೆತನದವರ ಬಳಿ ಉತ್ತರವಿಲ್ಲ. ಅವಳು ಶಾಪ ಕೊಟ್ಟು ಹೋಗುತ್ತಾಳೆ. ಹಿನ್ನೀರಿನ ದಡಕ್ಕೆ ಬಂದು ಟೆಂಟಿನ ಪಕ್ಕದಲ್ಲೇ ಒಲೆ ಹೂಡುವ ಕುಟುಂಬಗಳು ಈ ಪ್ರಕರಣವನ್ನು ಓದಿಕೊಂಡಿರುವುದು ಒಳ್ಳೆಯದು. ಹಾಗೆಂದು ನಮ್ಮ ಕ್ಷೇತ್ರಕಾರ್ಯದಲ್ಲಿ ಕಂಡುಬಂದ ನಾಯಿಗಳ ಪರವಾಗಿ ‘ನೆಕ್ಕಿಲ್ಲ’ ಎಂಬ ವಾದವನ್ನು ಯಾವ ವಕೀಲರೂ ಮಂಡಿಸಲಾರರು. ಅದೇ ಗ್ರಂಥದ ಕೊನೆಯಲ್ಲಿ ಸ್ವರ್ಗದವರು ನಾಯಿಗೆ ಪ್ರವೇಶವಿಲ್ಲ ಎಂದರೂ ಧರ್ಮರಾಯ ಅದನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ ಎಂಬ ಫಲಕವನ್ನು ರೆಸಾರ್ಟಿನವರು ಯಾರಿಂದ ಕಲಿತರು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡದ ಆಧಾರಗಳಲ್ಲಿ ಮುಖ್ಯವಾದದ್ದು ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಕ್ರಿ.ಶ. 949-50ರ ಕಾಲದ್ದು. ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಲ್ಲಿ ಮಣಲೆರನೆಂಬ ವೀರ ಕೇಳಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಾಳಿ ಕೆರೆಗೆ ಹಾರುತ್ತಿತ್ತೇ, ಹಾರಿದ ಮೇಲೆ ಯಾರ ಮೈಮೇಲೆ ಕೊಡವುತ್ತಿತ್ತು ಎಂಬ ಮೂಲಭೂತ ಪ್ರಶ್ನೆಗೆ ಶಾಸನ ಮೌನ ವಹಿಸಿದೆ. ನಮ್ಮ ಶಾಸನಕಾರರಿಗೆ ವೀರಮರಣದಲ್ಲಿ ಇದ್ದ ಆಸಕ್ತಿ ಒದ್ದೆ ಪಂಚೆಯಲ್ಲಿ ಇರಲಿಲ್ಲ.

ಇನ್ನು ವರ್ಗೀಕರಣ. ನೀರಾವರಿ ಇಲಾಖೆ ಯೋಜನೆಗಳನ್ನು ಬೃಹತ್, ಮಧ್ಯಮ, ಸಣ್ಣ ಎಂದು ವಿಂಗಡಿಸುವಂತೆ ನಾಯಿಗಳನ್ನೂ ವಿಂಗಡಿಸಬಹುದು. ಬೃಹತ್ ಎಂದರೆ ಲ್ಯಾಬ್ರಡಾರ್. ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲೆಂಡ್ ತೀರದಲ್ಲಿ ಬೆಸ್ತರ ಜೊತೆ ದುಡಿದವರು. ತಣ್ಣೀರಿಗೆ ಹಾರಿ ಬಲೆಯನ್ನೂ ಜಾರಿದ ಮೀನನ್ನೂ ಎಳೆದು ತರುವುದು ಅವುಗಳ ಕಸುಬು. ಹೊರಗೊಂದು ಒರಟು ಕೂದಲಿನ ಪದರ, ಒಳಗೊಂದು ದಟ್ಟ ಮೆತ್ತನೆಯ ಪದರ, ಬೆರಳುಗಳ ನಡುವೆ ಚರ್ಮ, ಚುಕ್ಕಾಣಿಯಾಗಿ ದಪ್ಪ ಬಾಲ. ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1903ರಲ್ಲಿ. ಜಯನಗರದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇದನ್ನು ಸಾಕುವುದೆಂದರೆ ಬೆಸ್ತನೊಬ್ಬನನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂರಿಸಿದ ಹಾಗೆ. ಹಿನ್ನೀರು ಕಣ್ಣಿಗೆ ಬಿದ್ದ ಕ್ಷಣ ಅದು ಹಗ್ಗವನ್ನೂ ಹಗ್ಗ ಹಿಡಿದವರನ್ನೂ ಸೇರಿಸಿಯೇ ಇಳಿಯುತ್ತದೆ. ಮಧ್ಯಮ ವರ್ಗಕ್ಕೆ ನಮ್ಮ ಬೀದಿಯ ನಾಟಿ ನಾಯಿ: ಮೊದಲು ಮೂಸಿ, ಆಮೇಲೆ ಒಂದು ಕಾಲಿಟ್ಟು, ಬೇರೆಯವರನ್ನು ಮುಂದೆ ಬಿಟ್ಟು, ಕೊನೆಗೆ ಇಳಿಯುವ ವಿವೇಕಿ. ಸಣ್ಣ ನೀರಾವರಿ ಮುಧೋಳ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಈ ಬಾಗಲಕೋಟೆ ಮೂಲದ ಬೇಟೆನಾಯಿಯ ಕೂದಲು ಗಿಡ್ಡ, ಮೈ ತೆಳು, ಸಂಗ್ರಹ ಸಾಮರ್ಥ್ಯ ಕಡಿಮೆ. ಇದು ನೀರನ್ನು ಹೊರುವುದಕ್ಕಿಂತ ದಡದುದ್ದಕ್ಕೂ ಓಡಿ ಕೆಸರನ್ನು ಹಂಚುವುದರಲ್ಲಿ ನಿಪುಣ. ಪಮೇರಿಯನ್ನಿನ ವಿಷಯ ಬೇಡ. ಅದು ಅಜ್ಜಿಯ ಮಡಿಲಿನಿಂದಲೇ ಯೋಜನೆಯನ್ನು ವಿರೋಧಿಸುತ್ತಿರುತ್ತದೆ.

ಈಗ ಪ್ರಬಂಧದ ಹೃದಯಭಾಗಕ್ಕೆ ಬರೋಣ: ಕೊಡವುವಿಕೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಡೇವಿಡ್ ಹು ಮತ್ತು ಸಂಗಡಿಗರು 2012ರಲ್ಲಿ ಇದನ್ನು ವೇಗದ ಕ್ಯಾಮೆರಾಗಳಿಂದ ಅಳೆದು ಪ್ರಕಟಿಸಿದ್ದಾರೆ. ಪ್ರಾಣಿ ಚಿಕ್ಕದಾದಷ್ಟೂ ಬೇಗ ಬೇಗ ಕೊಡವಬೇಕು. ಚಿಟ್ಟಿಲಿ ಸೆಕೆಂಡಿಗೆ ಸುಮಾರು 30 ಸಲ ಮೈ ಅದುರಿಸುತ್ತದೆ. ಲ್ಯಾಬ್ರಡಾರಿಗೆ ನಾಲ್ಕೈದು ಸಲ ಸಾಕು. ಮೈಮೇಲಿನ ನೀರಿನಲ್ಲಿ ಶೇ. 70ರಷ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತದೆ. ಸುಮಾರು 27 ಕೆ.ಜಿ. ತೂಗುವ ನಾಯಿಯ ಕೂದಲಿನಲ್ಲಿ ಅರ್ಧ ಲೀಟರಿನ ಹತ್ತಿರ ನೀರು ನಿಲ್ಲುತ್ತದೆ ಎಂಬುದು ಅವರದೇ ಅಂದಾಜು. ಅದನ್ನು ಕೊಡವದೆ ಮೈಶಾಖದಿಂದಲೇ ಒಣಗಿಸಹೊರಟರೆ ದಿನದ ಆಹಾರದ ಐದನೇ ಒಂದು ಭಾಗ ಅದಕ್ಕೇ ಖರ್ಚು. ಆದ್ದರಿಂದ ನಾಯಿ ಕೊಡವುವುದು ಪುಂಡತನವಲ್ಲ, ಮಿತವ್ಯಯ.

ಹತ್ತಿರದಿಂದ ನೋಡಿದವರಿಗೆ ಇದೊಂದು ಕ್ರಮಬದ್ಧ ವಿಧಿ. ಕಾಲು ನಾಲ್ಕೂ ಅಗಲ. ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ. ಮೊದಲು ಮೂಗಿನ ತುದಿ ತಿರುಗುತ್ತದೆ, ಹಿಂದೆಯೇ ಕಿವಿಗಳು ಪಟಪಟ ಕೆನ್ನೆಗೆ ಬಡಿಯುತ್ತವೆ, ಅಲೆ ಕುತ್ತಿಗೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಬೆನ್ನುಮೂಳೆ ಒಂದು ಕಡೆ, ಸಡಿಲ ಚರ್ಮ ಇನ್ನೊಂದು ಕಡೆ. ಮೂಳೆ ತಿರುಗುವುದಕ್ಕಿಂತ ಎಷ್ಟೋ ಹೆಚ್ಚು ಚರ್ಮ ತಿರುಗುವುದರಿಂದಲೇ ಹನಿಗಳಿಗೆ ಆ ವೇಗ. ಕೊನೆಗೆ ಬಾಲದ ತುದಿಯಿಂದ ಒಂದು ಗೆರೆ ನೀರು ಅವಲಕ್ಕಿಯ ಪಾತ್ರೆಗೆ ಬೀಳುತ್ತದೆ. ಲಿಂಗನಮಕ್ಕಿಯ ದಡ ಕೆಮ್ಮಣ್ಣಿನದಾದ್ದರಿಂದ ಬೇಸಿಗೆಯಲ್ಲಿ ನೀರು ಇಳಿದಾಗ ಈ ಹನಿಗಳ ಬಣ್ಣ ಚಹಾದ್ದು. ಬಿಳಿ ಟೀಶರ್ಟು ಹಾಕಿ ಬಂದ ಅಪ್ಪಂದಿರನ್ನು ಸಂಶೋಧನೆಗೆ ಸಿಕ್ಕ ಉತ್ತಮ ಕಾಗದವೆಂದೇ ಭಾವಿಸಬೇಕು.

ಕೊಡವಬೇಕೆಂಬ ಬಯಕೆ ಹುಟ್ಟುವುದು ಕೂದಲ ಬುಡದ ನರಗಳಲ್ಲಿ ಎಂದು ಹಾರ್ವರ್ಡಿನ ವಿಜ್ಞಾನಿಗಳು 2024ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಸಂತೋಷ. ಆದರೆ ನೂರಾರು ಮೀಟರ್ ಖಾಲಿ ದಡ ಇರುವಾಗ ಆ ನರಗಳು ಅಷ್ಟು ದೂರ ತಾಳಿಕೊಂಡು, ಮನೆಮಂದಿ ಚಾಪೆ ಹಾಸಿ ಕುಳಿತ ನಟ್ಟನಡುವೆಯೇ ಏಕೆ ಜಾಗೃತವಾಗುತ್ತವೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ನಮ್ಮ ಸಿದ್ಧಾಂತ ಇದು: ನೀರು ಹಂಚಿಕೆ ಎಂದ ಮೇಲೆ ಫಲಾನುಭವಿಗಳು ಇರಲೇಬೇಕು.

ಹಂಚಿಕೆಯ ಲೆಕ್ಕ ಹೀಗಿದೆ. ಅರ್ಧ ಲೀಟರಿನಲ್ಲಿ 350 ಮಿಲಿ ಅಪ್ಪ, ಅಮ್ಮ, ಮಕ್ಕಳು, ಒಲೆ ಮತ್ತು ಮೊಬೈಲುಗಳಿಗೆ. ಉಳಿದ 150 ಮಿಲಿ ಟೆಂಟಿನ ಜಿಪ್ಪು ಹಾಕುವ ಮುನ್ನವೇ ಒಳನುಗ್ಗಿ ರಜಾಯಿಯ ಪಾಲಾಗುತ್ತದೆ. ಹೊರಗೆ ಮಳೆ ಬಂದರೆ ಟೆಂಟು ಒದ್ದೆಯಾಗದು, ಅದಕ್ಕೆ ಕಂಪನಿಯ ಗ್ಯಾರಂಟಿ ಇದೆ; ಗ್ಯಾರಂಟಿ ಕೊಟ್ಟವರು ನಾಲ್ಕು ಕಾಲಿನ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ರಾತ್ರಿ ಮಲಗುವಾಗ ನಾಯಿ ಬಾಗಿಲ ಬಳಿ, ಮನುಷ್ಯರು ನಡುವೆ. ಬೆಳಗಿನ ಜಾವಕ್ಕೆ ನಾಯಿ ನಡುವೆ, ದಿಂಬಿನ ಮೇಲೆ, ಉದ್ದಕ್ಕೆ. ಅಪ್ಪನ ಅರ್ಧ ಟೆಂಟಿನ ಆಚೆ. ಅಂತರರಾಜ್ಯ ಜಲವಿವಾದಗಳಲ್ಲಿ ಮೇಲಿನ ರಾಜ್ಯಕ್ಕಿರುವ ಅನುಕೂಲವೆಲ್ಲ ಇಲ್ಲಿ ನಾಯಿಗಿದೆ.

ಇಡೀ ರಾಜಧಾನಿಗೆ ಇದು ಸಾಕಾಗುತ್ತದೆಯೇ? ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. ದಾರಿಯ ಸೋರಿಕೆ ಬದಿಗಿಟ್ಟರೂ ಒಂದು ನಾಯಿ ಸುಮಾರು 5,660 ಕೋಟಿ ಸಲ ಮುಳುಗೇಳಬೇಕು. ಸಂಖ್ಯೆ ದೊಡ್ಡದೆನ್ನಿಸಬಹುದು. ಹಾಗನ್ನಿಸುವುದು ಕೋಲು ಎಸೆಯುವವರಿಗೆ ಮಾತ್ರ, ನಾಯಿಗಲ್ಲ.

ಸ್ಥಳೀಯರ ಅಹವಾಲು ಕೇಳದೆ ಯಾವ ಯೋಜನೆಯೂ ಪೂರ್ಣವಾಗದು. ದಡದಲ್ಲಿ ತೆಪ್ಪ ನಡೆಸುವ ಹಿರಿಯರೊಬ್ಬರು ಈ ಏಳುಬೀಳನ್ನು ಬಹಳ ಹೊತ್ತು ನೋಡಿ, ಎಲೆಯಡಿಕೆ ಉಗುಳಿ ಕೇಳಿದರು: “ಎಂತ ಮಾರಾಯ್ರೆ, ನಿಮ್ಮ ನಾಯಿ ಈಜಕ್ಕೆ ಬಂದಿದ್ದೋ, ಡ್ಯಾಮು ಖಾಲಿ ಮಾಡಕ್ಕೆ ಬಂದಿದ್ದೋ?” ಯೋಜನೆಯ ವಿವರ ಒಪ್ಪಿಸಿದಾಗ ಅವರು ನೀರಿನತ್ತ ಕೈ ತೋರಿಸಿದರು. “ನಮ್ಮ ಅಜ್ಜನ ಗದ್ದೆ ಇದರ ಅಡಿಗೇ ಇದೆ. ನಾಯಿ ತಗಂಡೋದಷ್ಟು ತಗಂಡೋಗ್ಲಿ ಬಿಡಿ. ನೀವು ಪೈಪ್ ತರದಿದ್ರೆ ಸಾಕು.” ಇದನ್ನು ನಿರಾಕ್ಷೇಪಣಾ ಪತ್ರವೆಂದು ಪರಿಗಣಿಸಲಾಗಿದೆ.

ಇನ್ನು ಜಾರಿಗೆ ಸಂಬಂಧಿಸಿದ ವಿನಂತಿಗಳು. ಪೈಪಿನ ನಕ್ಷೆ ಬಿಡಿಸುವ ಮುನ್ನ ಸರ್ಕಾರ ಒಂದು ಲ್ಯಾಬ್ರಡಾರನ್ನು ತಜ್ಞರ ಸಮಿತಿಗೆ ಸೇರಿಸಿಕೊಳ್ಳಬೇಕು. ಅದು ಭತ್ಯೆ ಕೇಳುವುದಿಲ್ಲ, ಬಿಸ್ಕತ್ತು ಮಾತ್ರ ಕೇಳುತ್ತದೆ. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು: ಶರಾವತಿ ಕಣಿವೆ ಅಭಯಾರಣ್ಯದೊಳಗೆ ನಾಯಿಯನ್ನು ಕರೆದೊಯ್ಯಬೇಡಿ, ಅಲ್ಲಿನ ಪ್ರಾಣಿಗಳಿಗೆ ಈ ಪ್ರಬಂಧದಲ್ಲಿ ಆಸಕ್ತಿಯಿಲ್ಲ. ನೀರಿನಡಿ ಹಳೆಯ ಮರದ ಬೊಡ್ಡೆಗಳಿವೆ, ಕೋಲನ್ನು ದೂರಕ್ಕೆ ಎಸೆಯಬೇಡಿ. ಮಕ್ಕಳಿಗೂ ನಾಯಿಗೂ ಲೈಫ್ ಜಾಕೆಟ್ ಹಾಕಿಸಿ. ನಿಂತ ನೀರು, ಕೆಸರು ಎಂದ ಮೇಲೆ ಇಲಿಜ್ವರದ ಭಯ ಇದ್ದದ್ದೇ. ಹೊರಡುವುದಕ್ಕೆ ಸಾಕಷ್ಟು ಮೊದಲೇ ನಾಯಿಗೆ ಅದರ ಲಸಿಕೆ ಹಾಕಿಸಿ. ಮಳೆಗಾಲವಾದರೆ ಮಲಗುವ ಮುಂಚೆ ಅದರ ಬೆರಳುಗಳ ನಡುವೆ ಉಂಬಳ ಇದೆಯೇ ನೋಡಿ. ಹಳೆಯ ಟವೆಲುಗಳನ್ನು ಧಾರಾಳವಾಗಿ ಇಟ್ಟುಕೊಳ್ಳಿ, ಅಜ್ಜಿಯದನ್ನು ಮಾತ್ರ ಮುಟ್ಟಬೇಡಿ.