ಅಡಿಗೊಂದು ಇಂಚು

ಏನನ್ನೂ ಎಸೆಯದ ಜನ ಎಲ್ಲ ಊರಲ್ಲೂ ಇದ್ದಾರೆ. ರಾಯಚೂರಿನ ನಮ್ಮ ಕಾಕಾ ಆ ಪಂಗಡದವರೇ. ಆದರೆ ಉಳಿದವರು ಕೂಡಿಟ್ಟು ಮರೆಯುತ್ತಾರೆ, ಇವರು ಕೂಡಿಟ್ಟು ಮನೆ ಕಟ್ಟುತ್ತಾರೆ, ಗೊಂಬೆಗಳಿಗೆ. ಪಿಂಚಣಿ ಶುರುವಾದಂದಿನಿಂದ ಹತ್ತಿದ ಹುಚ್ಚು. ಕಸದ ಬುಟ್ಟಿ ಹತ್ತಿರ ಯಾರೇ ಹೋಗಲಿ, ಒಂದೇ ಕೂಗು: "ತಡೀರಿ, ಬೇಕಾಗ್ತದ!"

ಟೂತ್‌ಪೇಸ್ಟಿನ ಮುಚ್ಚಳ ಬೇಕಾಗ್ತದ, ಅದು ಬಚ್ಚಲಿನ ಬಕೆಟ್ಟು. ಸೋಡಾ ಬಾಟ್ಲಿಯ ಮುಚ್ಚಳ ರೊಟ್ಟಿ ಹಂಚು. ಬೆಂಕಿಪೆಟ್ಟಿಗೆ ಮೂರು ಅಂಟಿಸಿದರೆ ಅಲಮಾರು. ಬೀಗರ ಮದುವೆ ಕಾರ್ಡಿನ ಮಖಮಲ್ಲು ಜಮಖಾನೆ. ರಾತ್ರಿ ಊಟವಾದ ಮೇಲೆ ಕಾಕುಗೆ ತಪ್ಪದೆ ಕೇಳುತ್ತಿದ್ದರು: "ಬಿಪಿ ಗುಳಿಗಿ ತಗೊಂಡ್ಯಾ?" ಮುಪ್ಪಿನಲ್ಲಾದರೂ ಗಂಡನಿಗೆ ಕಾಳಜಿ ಹುಟ್ಟಿತಲ್ಲ ಎಂದು ಕಾಕು ಕರಗಿದ್ದರು. ಗುಳಿಗೆಯ ಬೆಳ್ಳಿ ಹಾಳೆ ಗೊಂಬೆ ಮನೆಯಲ್ಲಿ ನಿಲುಗನ್ನಡಿಯಾದ ದಿನ, ಕರಗಿದ್ದೆಲ್ಲ ಮತ್ತೆ ಗಟ್ಟಿಯಾಯಿತು.

ಮರಗೆಲಸಕ್ಕೆಲ್ಲ ಜೋಳದ ದಂಟು. ಸಿಬರು ಸುಲಿದು, ಒಳಗಿನ ಬೆಂಡನ್ನು ಬ್ಲೇಡಿನಲ್ಲಿ ಕೊಯ್ದು, ಸಿಬರನ್ನೇ ಮೊಳೆ ಮಾಡಿ ಚುಚ್ಚಿದರೆ ಮಂಚ, ಕುರ್ಚಿ, ಬಂಡಿ. ಈ ಕಡೆ ಹೊಲದ ಹುಡುಗರಿಗೆಲ್ಲ ಒಂದು ಕಾಲಕ್ಕೆ ಬರುತ್ತಿದ್ದ ವಿದ್ಯೆ. ದೇವದುರ್ಗದಿಂದ ಕಾಕುವಿನ ತಮ್ಮ ಬಿಳಿಜೋಳದ ಚೀಲ ತಂದಿಳಿಸಿದರೆ ಕಾಕಾ ಕೇಳುವುದು, "ಕಾಳು ಇರ್ಲಿ, ದಂಟೆಲ್ಲಪಾ?" ಮಾನ್ವಿಯ ಮಗಳ ಮನೆಗೆ ಹೋದರೂ ಮೊದಲ ಭೇಟಿ ಅಕ್ಕಿ ಗಿರಣಿಗೆ. ಭತ್ತದ ಹೊಟ್ಟನ್ನು ಎರೆಮಣ್ಣಿಗೆ ಕಲಸಿದರೆ ಗೋಡೆ ಬಿರಿಯುವುದಿಲ್ಲವಂತೆ. ಸೋನಾಮಸೂರಿ ಬೆಳೆಯುವ ಊರಿಂದ ಅಕ್ಕಿ ಬಿಟ್ಟು ಹೊಟ್ಟು ಹೊತ್ತು ಬಸ್ಸು ಹತ್ತುವ ಅಪ್ಪನನ್ನು ಕಂಡು ಮಗಳು ಸೆರಗು ಮುಖಕ್ಕೆಳೆದುಕೊಳ್ಳುತ್ತಾಳೆ.

ಅಂಟು ಕೂಡ ಹುಣಸೆ ಬೀಜದ್ದು. ಕಿನ್ನಾಳದ ಚಿತ್ರಗಾರರು ತಮ್ಮ ಗೊಂಬೆಗಳಿಗೆ ಬಳಸುವುದೂ ಅದನ್ನೇ. "ಅವರು ನಮ್ಮ ಜಿಲ್ಲಾದವರ ಅಲ್ಲೇನು?" ಎನ್ನುತ್ತಾರೆ. ಕೊಪ್ಪಳ 1997ರಲ್ಲೇ ಬೇರೆಯಾಯಿತಲ್ಲ ಎಂದರೆ, "ಜಿಲ್ಲಾ ಬಿಟ್ಟದ, ಅಂಟು ಬಿಟ್ಟಿಲ್ಲ."

ಅಳತೆಯಲ್ಲಿ ಮಾತ್ರ ರಾಜಿಯಿಲ್ಲ. ಹೊರದೇಶದ ಗೊಂಬೆ ಮನೆಗಳಲ್ಲಿ ಹೆಚ್ಚಾಗಿ ನಡೆಯುವ ಲೆಕ್ಕ 1 ಅಡಿಗೆ 1 ಇಂಚು. ಇವರದೂ ಅದೇ. ಆ ಲೆಕ್ಕ ಹಿಡಿದು ರಾಯಚೂರು ಕೋಟೆಯ 1294ರ ಶಾಸನದ ಕಲ್ಲಿಗೂ ಕೈ ಹಾಕಿದರು. ಕಲ್ಲನ್ನು ಬಂಡಿಗೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರವನ್ನು ಅಂದಿನವರೇ ಕೋಟೆ ಗೋಡೆಯಲ್ಲಿ ಕೆತ್ತಿದ್ದಾರೆ. "ನನಗಿಂತ ಮೊದಲ ಈ ಊರಾಗ ಸಣ್ಣ ಬಂಡಿ ಮಾಡಿದವ್ರು ಅವ್ರೊಬ್ರ" ಎಂದು ಕಾಕಾ ಉದಾರವಾಗಿ ಒಪ್ಪುತ್ತಾರೆ. 41 ಅಡಿ ದಾಟುವ ಕಲ್ಲು ಹತ್ತಿರ ಹತ್ತಿರ ಮೂರೂವರೆ ಅಡಿಗೆ ಬಂತು. ಬಂಡಿ, ಕೋಣಗಳ ಸಾಲು ಬೇರೆ. ಜಾಗ ಸಿಕ್ಕಿದ್ದು ಟಿವಿ ಮೇಜಿನ ಮೇಲೆ. ಟಿವಿ ನೆಲಕ್ಕಿಳಿಯಿತು.

ಈಗ ಗೊಂಬೆ ಮನೆಯಲ್ಲಿ ದೊಡ್ಡ ಪಡಸಾಲೆ, ಎರಡು ಖೋಲಿ, ಸಾಲು ಕಪಾಟಿನ ಅಡಿಗೆಮನೆ. ಕಾಕು ಇರುವ ಮನೆಯಲ್ಲಿ ಮಂಚದ ಕೆಳಗೆ ದಂಟು, ಮೇಲೆ ಹೊಟ್ಟು, ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿಗೂ ಜಾಗವಿಲ್ಲ. ನೋಡಲು ಬಂದವರು ಹೊಗಳುತ್ತಿದ್ದಾಗ ಕಾಕು ಬಾಗಿಲಲ್ಲಿ ನಿಂತು ಅಂದರು: "ಖರೇನ ಚಂದ ಅದ. ನನಗೂ ಅದ್ರಾಗ ಒಂದು ಖೋಲಿ ಬಾಡಿಗಿಗಿ ಕೊಡಸ್ರಿ."

ಕಾಕಾ ತಲೆ ಎತ್ತಲಿಲ್ಲ. "ಐದಡಿ ಇದ್ದಿ. ಐದಿಂಚಾಗಿ ಬಾ, ಅಳತಿ ತಪ್ಪಬಾರ್ದು."

"ನಿಮ್ಮ ಸಂಸಾರದಾಗ ಸೊರಗಿ ಸೊರಗಿ ಆ ಅಳತಿಗಿ ಬಂದೇ ಬಿಟ್ಟೀನಿ. ಚಾವಿ ಕೊಡ್ರಿ."