ಅತ್ತೆಯವರ ಸೀರೆ ಎತ್ತಿಡಿ

ಹಳೇ ಸೀರೆಗೆ ಸ್ಟೀಲ್ ಪಾತ್ರೆ ಅಂತ ಕೂಗು ಕೇಳಿದ್ದೇ ತಡ, ಗಂಟು ಹೊತ್ತು ಗೇಟಿಗೆ ಹೊರಟಿರಲ್ಲ, ಒಂದು ಗಳಿಗೆ ಈ ಬೇಲಿ ಹತ್ತಿರ ಬನ್ನಿ. ಅದರಲ್ಲಿ ನಿಮ್ಮ ಅತ್ತೆಯವರ ಸೀರೆ ಇದ್ದರೆ ಅದನ್ನೊಂದು ಎತ್ತಿಡಿ ಅಂತ ಹೇಳೋಕೆ ಕರೆದೆ.

ಯಾಕೆ ಅಂತ ಹೇಳ್ತೀನಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರಲ್ಲ, ಅವರ ಹೆಂಗಸರು ಹೊಲಿಯೋ ಕೌದಿ ನೋಡಿದ್ದೀರಾ? ಕವಂದಿ ಅಂತಾರೆ ಅದಕ್ಕೆ. ಕೆಳಗೊಂದು ಸೀರೆ ಹಾಸಿ, ಅದರ ಒಂದು ಮೂಲೆಯಿಂದ ಶುರು ಮಾಡ್ತಾರೆ. ಗಂಡನ ಅಂಗಿ, ಮಗಳ ಲಂಗ, ಅವ್ವನ ಸೆರಗು, ಹೀಗೆ ಹಳೇ ಬಟ್ಟೆಯ ತುಂಡುಗಳನ್ನು ಅಂಚಿನುದ್ದಕ್ಕೂ ಜೋಡಿಸುತ್ತಾ, ಸುತ್ತು ಬರುತ್ತಾ ನಡುವಿಗೆ ಬಂದು ಮುಟ್ತಾರೆ. ಕೈಹೊಲಿಗೆ ಅಷ್ಟಗಲಕ್ಕೂ ಸಾಲುಸಾಲಾಗಿ ಎದ್ದು ಕಾಣುತ್ತೆ. ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ಚೂರುಗಳನ್ನು ಸೇರಿಸಿ ಹೂವು ಕೂರಿಸ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಕ್ರೈಸ್ತರ ಮನೆಯದರಲ್ಲಿ ಶಿಲುಬೆ ಬರಬಹುದು, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಕೌದಿ ಮಾತ್ರ ಎಲ್ಲರ ಮನೆಯಲ್ಲೂ ಇದೆ. ನನ್ನ ಮಟ್ಟಿಗೆ ಅದು ಬಣ್ಣದ ಬದಲು ಬಟ್ಟೆಯಲ್ಲಿ ಬರೆದ ಚಿತ್ರ.

ಸಿದ್ದಿಗಳ ಹಿರಿಯರು ಪೂರ್ವ ಆಫ್ರಿಕಾದವರು. ಪೋರ್ಚುಗೀಸರು ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಮಾರಿದರು. ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಮೂಲದ ಮಾತು ಹೋಯ್ತು, ಕೊಂಕಣಿ, ಕನ್ನಡ, ಮರಾಠಿ ನಾಲಿಗೆಗೆ ಬಂತು. ಕೌದಿ ಹೊಲಿಯೋದು ಈ ನೆಲದ ಹೆಂಗಸರೆಲ್ಲರ ವಿದ್ಯೆ, ಬಡಗಣ ಸೀಮೆಯಲ್ಲಂತೂ ಅದಿಲ್ಲದ ಮನೆ ಇರಲಿಲ್ಲ. ಆದರೆ ಸಿದ್ದಿಗಳು ಅದೇ ಕೌದಿಯಲ್ಲಿ ಬಣ್ಣಕ್ಕೆ ಬಣ್ಣ ತಾಕಿಸೋ ರೀತಿ, ತಾಳ ತಪ್ಪಿತು ಅನ್ನುವಾಗಲೇ ಹೊಸ ತಾಳ ಹಿಡಿಯೋ ಧೈರ್ಯ ನೋಡಿದರೆ, ದಮಾಮಿ ವಾದ್ಯ ಬಾರಿಸೋ ಜನರ ಕೈ ಅದು ಅನ್ನೋದು ತಿಳಿಯುತ್ತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಬೆನ್ನುಹತ್ತಿ ಬಂದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರಿ ಕೂಟವೂ ಹುಟ್ಟಿತು.

ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಆಸ್ಥಾನ ಚಿತ್ರಕಾರರು ಆಫ್ರಿಕಾ ಮೂಲದ ಮಂತ್ರಿ ಇಖ್ಲಾಸ್ ಖಾನನನ್ನು ಸುಲ್ತಾನನ ಜೊತೆ ಆನೆ ಮೇಲೆ ಕೂರಿಸಿ ಬರೆದಿದ್ದಾರೆ. ಆ ಚಿತ್ರ ಉಳೀತು, ಹೆಸರೂ ಉಳೀತು. ಕಾಡು ಸೇರಿದ ಬಡವರನ್ನು ಯಾರು ಬರೀತಾರೆ ಹೇಳಿ? ಅದಕ್ಕೇ ಅವರ ಹೆಂಗಸರು ತಾವೇ ಕೂತು ತಮ್ಮ ಮನೆಮಂದಿಯನ್ನು ಹೊಲಿದಿಟ್ಟರು.

ದಕ್ಷಿಣ ಆಫ್ರಿಕಾದ ಎಂಡೆಬೆಲೆ ಜನರದ್ದೂ ಇಂಥದೇ ಕಥೆ. 1883ರಲ್ಲಿ ಬೋಅರರ, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರ, ಎದುರು ಸೋತು, ನೆಲ ಕಳಕೊಂಡು, ಚದುರಿ ಜೀತಕ್ಕೆ ಬಿದ್ದರು. ಅವರ ಹೆಂಗಸರು ಮನೆಗೋಡೆ ಮೇಲೆ ಗೆರೆ, ಮುಕ್ಕೋನ, ಮೆಟ್ಟಿಲು ಬರೆದು ನಾವು ಇಂಥವರು ಅಂತ ಸಾರಿಕೊಂಡರು. ಅವರಲ್ಲೊಬ್ಬರಾದ, 1935ರಲ್ಲಿ ಹುಟ್ಟಿದ ಎಸ್ತರ್ ಮಹ್ಲಾಂಗು ಹತ್ತರ ವಯಸ್ಸಿಗೇ ಅವ್ವ, ಅಜ್ಜಿಯಿಂದ ಇದನ್ನು ಕಲಿತರು. ಕೋಳಿಗರಿಯೇ ಕುಂಚ. 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಹೋಗಿ ಬರೆದರು, 1991ರಲ್ಲಿ ಬಿಎಂಡಬ್ಲ್ಯು ಕಾರಿನ ಮೇಲೂ ಅದೇ ಗೆರೆ ಎಳೆದರು. ಪ್ಯಾರಿಸ್ಸಿನ ಅದೇ ಪ್ರದರ್ಶನದಲ್ಲಿ ನಮ್ಮ ವಾರ್ಲಿಯ ಜೀವ್ಯಾ ಸೋಮಾ ಮಾಶೆ, ಮಧುಬನಿಯ ಬೌವಾ ದೇವಿಯವರ ಚಿತ್ರಗಳೂ ಇದ್ದವು.

ಗುಂಡ್ಲುಪೇಟೆಯ ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಮ್ಮ ಊರುಗಳಲ್ಲೂ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣು ಸಾರಿಸಿ, ಹಬ್ಬಕ್ಕೆ ಬರೀತಿದ್ದದ್ದು ನಮ್ಮ ಅವ್ವಂದಿರೇ ಅಲ್ವಾ? ಮನೆಗೆ ಟೈಲ್ಸ್ ಬಂತು, ಆ ಕೈಗಳಿಗೆ ಗೋಡೆಯೇ ಸಿಗದಂತಾಯ್ತು. ಬಿಳಿಗಿರಿ ಕಡೆಯ ಸೋಲಿಗರು ಮರ, ಪ್ರಾಣಿ, ಬೆಟ್ಟವನ್ನೆಲ್ಲ ಗೊರುಕನ ಹಾಡಿನಲ್ಲಿ ಇಟ್ಟುಕೊಂಡಿದ್ದಾರೆ. ಸಿದ್ದಿಗಳು ಬಟ್ಟೆಯಲ್ಲಿ ಇಟ್ಟರು. ಊರೊಳಗಿನ ನಾವು ಎಲ್ಲಿ ಇಟ್ಟಿದ್ದೀವಿ? ಫೋನಿನಲ್ಲಿ ಸಾವಿರ ಫೋಟೊ ಇರಬಹುದು. ಆದರೆ ಹೊಲದಿಂದ ಬಂದು ಸೆರಗಿನಲ್ಲೇ ಬೆವರು ಒರೆಸಿಕೊಳ್ತಿದ್ದ ಅಜ್ಜಿಯನ್ನು ಮೊಮ್ಮಗು ಮುಟ್ಟಬೇಕು ಅಂದರೆ ಆ ಸೆರಗೇ ಬೇಕು.

ಸಿದ್ದಿ ಮನೆಗಳಲ್ಲೂ ಹಿರಿಯರಿಗೆ ಪೂಜೆ ಇದೆ, ತೆಂಗಿನಕಾಯಿ ಇಟ್ಟು ನಡೆಸ್ತಾರೆ. ನಾವು ಹಿರಿಯರ ಹಬ್ಬದಲ್ಲಿ ಎಡೆ ಹಾಕಿ ಹೊಸ ಬಟ್ಟೆ ಇಡ್ತೀವಿ. ತಪ್ಪಿಲ್ಲ, ಇಡೋಣ. ಆದರೆ ಅವರು ಉಟ್ಟು ಬಾಳಿದ ಬಟ್ಟೆಯನ್ನು ಎರಡು ಡಬರಿಗೆ ಮಾರಿ, ಅವರು ಮುಟ್ಟೇ ಇರದ ಸೀರೆಯನ್ನು ಎಡೆಗೆ ಇಡೋದು ನನಗೆ ಒಪ್ಪೋದಿಲ್ಲ.

ಅದಕ್ಕೇ ಹೇಳ್ತೀನಿ, ಮನೆಗೊಂದು ಸೀರೆ, ಒಂದು ಪಂಚೆ ಎತ್ತಿಡೋಣ. ಕೌದಿ ಹೊಲಿಯೋ ಅಜ್ಜಿಯರು ಊರಲ್ಲಿ ಇನ್ನೂ ಇರೋವಾಗಲೇ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಅವರ ಪಕ್ಕ ಕೂರಿಸೋಣ. ಯಾವ ತುಂಡು ಯಾರದ್ದು ಅಂತ ಅಜ್ಜಿ ಹೇಳ್ತಾ ಹೋಗಲಿ, ಮಕ್ಕಳು ಹೊಲೀತಾ ಹೋಗಲಿ. ಗೋಪಾಲಸ್ವಾಮಿ ಬೆಟ್ಟದ ಚಳಿ ಇಳಿಯೋ ಹೊತ್ತಿಗೆ ಒಂದಾದರೂ ಮುಗಿಯುತ್ತೆ. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಚಾಪೆ ಹಾಸ್ತೀನಿ, ದಾರ ನನ್ನದು. ನೀವು ಆ ಗಂಟು ಬಿಚ್ಚಿ, ಅತ್ತೆಯವರ ಸೀರೆ ಹಿಡಿದು ಬನ್ನಿ.