ಕಾಕಾ ಬಿಟ್ಟ ತುಂಡು ಹೊಲ

ಬಾಜೂ ಹೊಲದ ಕಾಕಾ ಮೊನ್ನೆ ಟ್ರ್ಯಾಕ್ಟರ್ ಕರೆಸಿ ನೇಗಿಲು ಹೊಡೆಸಿದರು. ತೊಗರಿ ರಾಶಿಯಾಗಿ, ಕಟ್ಟಿಗೆ ಹಿತ್ತಲು ಸೇರಿ ಬಹಳ ದಿನ ಆಗಿತ್ತು ಬಿಡಿ. ಎರೆಹೊಲವೆಲ್ಲ ಹೆಂಟೆ ಎದ್ದು ಕರ್ರಗೆ ಬಿದ್ದಿದೆ. ನಟ್ಟನಡುವೆ ಒಂದು ಬಂಡಿ ನಿಲ್ಲುವಷ್ಟು ಜಾಗ ಮಾತ್ರ ಉಳದೆ ಹಾಗೇ ಉಳಿದಿದೆ. ದಾರಿ ಹಿಡಿದು ಹೋಗುವವರೆಲ್ಲ "ಯಾಕ್ರೀ ಕಾಕಾ, ಡೀಸೆಲ್ ಮುಗೀತೇನು?" ಅಂತ ನಗುತ್ತಾರೆ. ಡೀಸೆಲ್ ಅಲ್ಲರೀ, ಟಿಟ್ಟಿಭ ತತ್ತಿ ಇಟ್ಟಿದೆ!

ಗೂಡು ಅಂತ ಹೇಳುವುದಕ್ಕೂ ಅಲ್ಲಿ ಏನೂ ಇಲ್ಲ. ಒಂದು ಹಿಡಿ ಹರಳು, ನಡುವೆ ಮಣ್ಣಿನ ಬಣ್ಣದ, ಕರಿಚುಕ್ಕಿಯ ನಾಕು ತತ್ತಿ. ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಹೊಲದ ನೆಲವೋ, ರೊಟ್ಟಿ ಬೇಯಿಸುವ ಹಂಚಾಗಿದೆ. ಅಂಥದರ ಮೇಲೆ ತತ್ತಿ ಬೇಯದೆ ಮರಿ ಆಗುವುದು ಹೇಗೆ ಅಂತ ನನಗೂ ಸಂಶಯವಿತ್ತು. ನೋಡಿದರೆ ಗಂಡು ಹೆಣ್ಣು ಎರಡೂ ಸರದಿ ಹಚ್ಚಿ ಕೂಡುತ್ತವೆ. ನಡುನಡುವೆ ಒಂದು ಹಾರಿಹೋಗಿ, ಹೊಲಗಾಲುವೆಯ ತಗ್ಗಿನಲ್ಲಿ ನಿಂತ ನೀರಲ್ಲಿ ಎದೆ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿ ಮೇಲೆ ಕೂಡುತ್ತದೆ. ಅವಕ್ಕೆ ಅದೇ ಕೂಲರ್. ಕರೆಂಟ್ ಹೋಗುವ ಚಿಂತೆ ಇಲ್ಲ, ಅಲ್ಲೇನು?

ಈ ಹಕ್ಕಿ ಅಂಗಾತ ಮಲಗಿ, ಆಕಾಶ ಬಿದ್ದರೆ ಹಿಡಿಯೋಣ ಅಂತ ಕಾಲು ಮೇಲೆ ಮಾಡಿಕೊಂಡಿರುತ್ತದೆ ಅಂತಾರೆ ಹಿರಿಯರು. ಪಂಚತಂತ್ರದಲ್ಲಿ ಸಮುದ್ರ ಇದರ ತತ್ತಿ ಒಯ್ದು, ಆಮೇಲೆ ಗರುಡನಿಗೆ, ವಿಷ್ಣುವಿಗೆ ಹೆದರಿ ವಾಪಸು ಕೊಟ್ಟಿತಂತೆ. ನಮ್ಮ ಸೀಮೆಗೆ ಸಮುದ್ರ ಎಲ್ಲಿಂದ ಬರಬೇಕು? ಬಂದರೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರಬೇಕು, ಅದೂ ವಾರಾಬಂದಿ ಲೆಕ್ಕದಲ್ಲಿ. ಟೇಲೆಂಡಿನ ಹೊಲಗಳ ತತ್ತಿಗಂತೂ ಪೂರಾ ಅಭಯ.

ಕಾಕಾನನ್ನೇ ಕೇಳಿದೆ, ಇಷ್ಟು ಜಾಗ ಯಾಕೆ ಬಿಟ್ಟಿರಿ ಅಂತ. "ಬ್ಯಾಸಿಗ್ಯಾಗ ಹೊಲ ನಮ್ಮದೆಲ್ಲೈತೋ ತಮ್ಮಾ? ಕಾಗದಾಗ ನಮ್ಮ ಹೆಸರೈತಿ, ಅಷ್ಟ" ಅಂದರು. ಕೈಯಲ್ಲಿದ್ದ ಬೀಡಿ ಮುಗಿಯುವವರೆಗೂ ಮತ್ತೆ ಮಾತಿಲ್ಲ.

ಅವರು ಹೇಳಿದ್ದರಲ್ಲೂ ಖರೆ ಇದೆ. ಬೇವಿನ ಗಿಡ ಈಗ ಕಾಗೆಯದು. ಬೇಲಿ ಕಟ್ಟಲು ತಂದಿಟ್ಟ ತಂತಿ ತುಂಡುಗಳೆಲ್ಲ ಎಲ್ಲಿ ಹೋದವು ಅಂತ ಹುಡುಕಿದರೆ, ಮೇಲೆ ಗೂಡಿನಲ್ಲಿವೆ! ಆ ಗೂಡಿಗೆ ಕೋಗಿಲೆ ಕಣ್ಣಿಟ್ಟು ಪಕ್ಕದ ಮಾವಿನಲ್ಲಿ ಕೂಗುತ್ತಿದೆ. ಬೇಲಿಯ ಬಳ್ಳಾರಿ ಜಾಲಿಯಂತೂ ಯಾರ ಮಾತೂ ಕೇಳುವುದಿಲ್ಲ, ನೀರಿಲ್ಲದಿದ್ದರೂ ಹಸಿರೇ. ಅದರ ಕಾಯಿ ತಿಂದ ಆಡು ಬೀಜವನ್ನು ಊರೆಲ್ಲ ಹಂಚಿ ಬರುತ್ತದೆ. ರಾತ್ರಿ ಹೊಲ ಕುರಿಗಾರರದು. ಗೊಬ್ಬರ ಆಗಲಿ ಅಂತ ಕಾಳು ಕೊಟ್ಟು ಹಿಂಡು ನಿಲ್ಲಿಸಿಕೊಳ್ಳುವುದು ನಮ್ಮಲ್ಲಿ ಹಳೇ ರೂಢಿಯಲ್ಲವೇ? ಈ ಸಲ ಕಾಕಾ ಹಿಂಡನ್ನು ಆ ಕಡೆಯ ಬದುವಿಗೆ ಸರಿಸಿದ್ದಾರೆ. ಆದರೂ ಕುರಿಗಾರರ ನಾಯಿ ಒಮ್ಮೆ ಈಚೆ ಬಂತು ನೋಡಿ, ತೋಳಕ್ಕೂ ಅಂಜದ ನಾಯಿ, ಟಿಟ್ಟಿಭ ಎರಡು ಸಲ ತಲೆಯ ಮೇಲೆ ಎರಗಿದ್ದಕ್ಕೆ ಬಾಲ ಮುದುರಿಕೊಂಡು ಹೋಯಿತು.

ಬಿಸಿಲಿನ ಮಾತು ಬೇಡವೇ ಬೇಡ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆ ಆಯಿತು, ಕಚೇರಿ ಹಂಚಿಕೊಂಡರು, ಕಡತ ಹಂಚಿಕೊಂಡರು. ಬಿಸಿಲು ಮಾತ್ರ ಪಾಲಾಗಲಿಲ್ಲ, ಕಲಬುರಗಿಗೆ ಅಷ್ಟೇ, ನಮಗೂ ಅಷ್ಟೇ! ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಕಾಕಾ, ಎಮ್ಮೆ, ಗೊರವಂಕ ಯಾರಿಗೂ ಆ ಆದೇಶ ಮುಟ್ಟಿಲ್ಲ, ಆದರೂ ಅವರದು ಇನ್ನೂ ಮುಂಚೆಯೇ ಬಂದ್.

ಬಿಸಿಲು ತಡೆಯದವರು ಮೊದಲೇ ಜಾಗ ಖಾಲಿ ಮಾಡುತ್ತಾರೆ ಅನ್ನಿ. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆ ಏರುವ ಹೊತ್ತಿಗೆ ಹಿಮಾಲಯ ದಾಟಿ ತಂಪಿಗೆ ಹೋಗಿರುತ್ತವೆ. ನಮ್ಮ ಮಂದಿ ಗುಳೆ ಹೋಗುವುದು ಬೆಂಗಳೂರಿಗೆ, ಪುಣೆಗೆ, ಮುಂಬೈಗೆ. ತಂಪಿಗಲ್ಲ, ಸಿಮೆಂಟ್ ಹೊರಲು. ಅದನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ. ಆ ಕೆರೆ ಸುರಪುರದ ಅರಸರದು, ಆಮೇಲೆ ಸುಧಾರಿಸಿದವನು ಮೆಡೋಸ್ ಟೇಲರ್ ಅಂತಾರೆ. ಆ ಟೇಲರ್ ಸಾಹೇಬ 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಇಲ್ಲಿಯ ಬೇಸಿಗೆಗಳನ್ನು ಅಷ್ಟು ವರ್ಷ ಉಂಡವನು ಸುಮ್ಮನೆ ಕೂಡಬೇಕಲ್ಲ, ಊರ ಹೊರಗಿನ ಕಲ್ಲು ಎಣಿಸುತ್ತ ತಿರುಗಿದ! ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಇಟ್ಟಿದ್ದಾರಲ್ಲ, ಅದನ್ನೆಲ್ಲ ಬರೆದಿಟ್ಟವನು ಅವನೇ. ಬೃಹತ್ ಶಿಲಾಯುಗದ್ದು ಅಂತಾರೆ. ಹನಮಸಾಗರದಲ್ಲಿ ಇನ್ನೂ ದೊಡ್ಡ ಸಾಲು ಇದೆ, ದಿಕ್ಕು ನೋಡಿ ಇಟ್ಟದ್ದು ಅಂತ ಕೆಲವು ಪಂಡಿತರ ಮಾತು. ಕಾಕಾನ ಮಾತು ಬೇರೆ: "ಹೊಲ ಹಸನ ಮಾಡಾಕ ಕಲ್ಲು ಆರಿಸಿ ಇಟ್ಟಿರಬೇಕು, ಬ್ಯಾಸಿಗ್ಯಾಗ ಮತ್ತೇನು ಕೆಲಸ?" ಪುರಾತತ್ವದವರು ಒಪ್ಪಲಿಕ್ಕಿಲ್ಲ. ನನಗಂತೂ ಅರ್ಧ ಒಪ್ಪಿಗೆ.

ಏನು ಹೇಳುತ್ತಿದ್ದೆ? ಹಾಂ, ಬೇವು. ಈ ಸಲ ಹೂ ದಂಡಿಯಾಗಿ ಬಿಟ್ಟಿತ್ತು, ಗಿಡದ ಕೆಳಗೆ ಮಲಗಿದರೆ ಮೈಮೇಲೆಲ್ಲ ಉದುರುತ್ತಿತ್ತು. ಬೆಂಗಳೂರು ಕಡೆ ಯುಗಾದಿಗೆ ಬೇವು-ಬೆಲ್ಲ ಅಗಿಯುತ್ತಾರಂತೆ, ಪಾಪ. ನಮ್ಮಲ್ಲಿ ಬೇವು ಅಂದರೆ ಕುಡಿಯುವುದು: ಹೊಸ ಗಡಿಗೆ, ಹುಣಸೆ ರಸ, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಮೇಲೊಂದು ಚಿಟಿಕೆ ಬೇವಿನ ಹೂ. ಕಹಿ ಹುಡುಕಿದರೂ ಸಿಗುವುದಿಲ್ಲ, ಹೌದಿಲ್ಲೋ? ಮೂರು ವಾಟಗ ಕುಡಿದ ಮೇಲೆ ರೊಟ್ಟಿಗೆ ಜಾಗ ಇರುವುದಿಲ್ಲ, ಮನೆಯಾಕೆಯ ಬೈಗುಳಕ್ಕೆ ಮಾತ್ರ ಇರುತ್ತದೆ.

ಹುಣಸೆ ಅಂದಕೂಡಲೇ ನೆನಪಾಯಿತು ನೋಡಿ. ನಿಮ್ಮ ಬಾವಿ ದಂಡೆಯ ಗಿಡ ಬಡಿಸಿದಿರೇನು? ನಮ್ಮದು ಈ ವರ್ಷ ಪೂರಾ ಬಂಜೆ. ಬೀಜ ಬಿಡಿಸಿದ್ದರೆ ಎರಡು ಸೇರು ಕಳಿಸಿರಿ, ಬದಲಿಗೆ ತೊಗರಿ ಬ್ಯಾಳಿ ಒಯ್ಯಿರಿ, ಮನೆಯಲ್ಲೇ ಒಡೆದದ್ದು. ತೂಕ ಗೀಕ ಬೇಡ, ಆಮೇಲೆ ನೋಡಿದರಾಯಿತು.